ಒಳಕೋಣೆಯ ಕಿಟಕಿ

'ಏನ್ ಘಮಘಮ ಅಂತದರೀ ನಿಮ್ಮನಿ!' ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಹೀಗೆನ್ನುತ್ತಿದ್ದರು. ಅನ್ನಿಸಿಕೊಳ್ಳುವುದರಲ್ಲಿ ನನಗೂ ಹೆಮ್ಮೆಯೇ. ದೇವರ ಮನೆಗೆ ಶ್ರೀಗಂಧದ ಊದಿನಕಡ್ಡಿ, ಪಡಸಾಲೆಗೆ ಮಲ್ಲಿಗೆ, ಬಚ್ಚಲಿಗೆ ನಿಂಬೆ, ಮಲಗುವ ಕೋಣೆಗೆ ಲ್ಯಾವೆಂಡರ್ ಎಂದು ಕೋಣೆಗೊಂದು ಪರಿಮಳ ಗೊತ್ತುಮಾಡಿದ್ದೆ. ಶಹಾಪುರದಲ್ಲಿ ಸಿಗದ ಬಾಟಲಿಯನ್ನು ಯಾದಗಿರಿಗೆ ಹೋದಾಗ ಹುಡುಕಿ ತರುತ್ತಿದ್ದೆ.

ಉಳಿದದ್ದು ಒಳಕೋಣೆ. ಅಲ್ಲಿ ನನ್ನ ಅತ್ತೆ ಮಲಗಿದ್ದರು. ಸುರಪುರದ ಮಗಳು, ಸೊಂಟದ ಎಲುಬು ಮುರಿದು ಹಾಸಿಗೆ ಹಿಡಿದಿದ್ದರು. ಎಷ್ಟು ಸ್ವಚ್ಛ ಮಾಡಿದರೂ ಆ ಕೋಣೆಗೆ ಎಣ್ಣೆಯ, ಮುಲಾಮಿನ, ನಿಜ ಹೇಳಬೇಕೆಂದರೆ ಮೂತ್ರದ ವಾಸನೆ ಇದ್ದೇ ಇರುತ್ತಿತ್ತು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನಾನು ಆ ಕೋಣೆಯ ಕಿಟಕಿ ಮುಚ್ಚಿ, ಗುಲಾಬಿಯ ಸ್ಪ್ರೇಯನ್ನು ಮೂಲೆಮೂಲೆಗೂ ಹೊಡೆದೆ. ಅತ್ತೆ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಕೇಳಿದರು:

'ಯವ್ವಾ, ನನ್ನ ವಾಸನಿ ಮಂದಿಗಿ ಬರಬಾರ್ದಂತ ಹೊಡದಿ ಏನು?'

'ಹಂಗಲ್ರೀ ಅತ್ತಿ, ಸೊಳ್ಳಿ ಬಾಳ ಆಗ್ಯಾವ' ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೊಡಿಯವ್ವಾ. ಮಂದಿ ಹೋದ ಮ್ಯಾಲ ಕಿಡಕಿ ತೆಗಿ. ಹೊರಗಿಂದು ಏನೂ ತಿಳಿವಲ್ದು' ಎಂದರು.

ಆ ಕಡೆಯ ಮಾತು ನನಗೆ ಅರ್ಥವಾಗಲು ಹಲವು ದಿನ ಹಿಡಿಯಿತು. ಎದ್ದು ಓಡಾಡುವ ನಮಗೆ ಕಣ್ಣಿದೆ, ಕಾಲಿದೆ. ಮಲಗಿದವರಿಗೆ ಮೂಗೇ ಪಂಚಾಂಗ. ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಸುಡುವ ವಾಸನೆ ಬಂದರೆ ಅವರಿಗೆ ಬೆಳಗಾಯಿತು. ಖಾರ ಕುಟ್ಟುವ ಘಾಟು ಬಂದರೆ ಬೇಸಿಗೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳೆಷ್ಟೋ ಭತ್ತದ ಗದ್ದೆಗಳಾದವು. ಹಸಿ ಹುಲ್ಲಿನ ವಾಸನೆಯಿಂದಲೇ ಕೊಯ್ಲು ನಡೆದಿದೆಯೆಂದು ಅವರು ಹೇಳುತ್ತಿದ್ದರು. ಎರೆಮಣ್ಣಿನ ಮೇಲೆ ಮೊದಲ ಮಳೆ ಬಿದ್ದ ಪರಿಮಳವನ್ನಂತೂ ನನಗಿಂತ ಮೊದಲು ಹಿಡಿಯುತ್ತಿದ್ದರು. ಉತ್ತರ ಪ್ರದೇಶದ ಕನೌಜಿನಲ್ಲಿ ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ ಇದೇ ಮಳೆಯ ಪರಿಮಳವನ್ನು ಅತ್ತರು ಮಾಡಿ ಮಾರುತ್ತಾರೆ. ಅತ್ತೆಗೆ ಪುಕ್ಕಟೆ ಸಿಗುತ್ತಿದ್ದುದನ್ನು ನಾನು ಗುಲಾಬಿಯಿಂದ ಗೋಡೆ ಕಟ್ಟಿ ತಡೆದಿದ್ದೆ.

ಹಾಗಾದರೆ ಬಂದವರಿಗೆ ಒಳ್ಳೆಯ ವಾಸನೆ ಬರಲಿ ಎಂದು ಬಯಸುವುದು ತಪ್ಪೇ? ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಮದುವೆಗೆ ಬಂದವರ ಮೇಲೆ ಪನ್ನೀರು ಚಿಮುಕಿಸುತ್ತೇವೆ. ಮೊಹರಮ್ಮಿನಲ್ಲಿ ನಮ್ಮ ಹಿಂದೂ ಮನೆಗಳವರೂ ಅಲಾಯಿ ದೇವರಿಗೆ ಊದು-ಸಕ್ಕರೆ ಒಯ್ಯುತ್ತಾರೆ. ಅಲ್ಲಿ ಪರಿಮಳ ಎಲ್ಲರೆದುರು ಕೊಡುವ ವಸ್ತು. ನಾನು ಅಂದು ಏನನ್ನೂ ಕೊಡಲಿಲ್ಲ, ಮುಚ್ಚಿಟ್ಟೆ. ಮುಚ್ಚಿದ್ದು ಬರೀ ವಾಸನೆಯಾಗಿದ್ದರೆ ಚಿಂತೆಯಿರಲಿಲ್ಲ. ಈ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ ಎಂಬುದನ್ನೇ ಮುಚ್ಚಲು ಹೊರಟಿದ್ದೆ.

ಇಷ್ಟು ಹೇಳಿ ಎಲ್ಲ ತಪ್ಪನ್ನೂ ನನ್ನ ಮೇಲೆ ಎಳೆದುಕೊಳ್ಳಲು ಮನಸ್ಸು ಬಾರದು. 'ಮನೆ ನಾರುತ್ತದೆ' ಎಂಬ ಮಾತು ಮನೆಯ ಗಂಡಸಿಗೆ ತಗಲುವುದಿಲ್ಲ, ಹೆಂಗಸಿಗೇ ತಗಲುತ್ತದೆ. ಹಾಸಿಗೆ ಬದಲಿಸುವವಳೂ ಅವಳೇ, ಮಾತು ಕೇಳುವವಳೂ ಅವಳೇ. ಆ ಹೆದರಿಕೆ ನಿಮಗೂ ಗೊತ್ತಿರುತ್ತದೆ. ಆದರೆ ನಮ್ಮ ಹೆದರಿಕೆಯ ಬೆಲೆಯನ್ನು ಏಳಲಾಗದವರು ತೆರಬೇಕೆ?

ಆಮೇಲೆ ಕ್ರಮ ಬದಲಿಸಿದೆ. ಸ್ಪ್ರೇ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದನ್ನು ಹೊದಿಸುತ್ತದೆ, ಅಷ್ಟೆ. ತೆಗೆಯುವುದು ನೀರು, ಗಾಳಿ, ಬಿಸಿಲು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೇನು ಬರ! ಎರಡು ಹಾಸಿಗೆ ಮಾಡಿ, ಒಂದನ್ನು ಮಾಳಿಗೆಯ ಮೇಲೆ ಒಣಗಿಸತೊಡಗಿದೆ. ಮಾಳಿಗೆಗೆ ಹೊತ್ತೊಯ್ಯುವ ಕೆಲಸ ಮಗನಿಗೆ ಬಿತ್ತು. ಮುಚ್ಚಿದ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ ಮುದಿ ಎದೆಗೆ ಒಳ್ಳೆಯದಲ್ಲವೆಂದು ಅದನ್ನು ಅಂಗಳಕ್ಕೆ ಸಾಗಿಸಿದೆ. ಕಡೆಗೆ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: 'ಅತ್ತಿ, ನಿಮಗ ಯಾವ ವಾಸನಿ ಬೇಕ್ರೀ?'

'ಕುಡಿಯೋ ನೀರಿಗಿ ಒಂದೀಟು ಲಾವಂಚ ಹಾಕು. ನಮ್ಮವ್ವ ಹಾಕ್ತಿದ್ಳು' ಎಂದರು. ಬೇಡಿದ್ದು ಅಷ್ಟೇ.

ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ಪರಿಮಳದ ಹುಚ್ಚು ನನಗೆ ಪೂರ್ತಿ ಬಿಟ್ಟಿಲ್ಲ. ಈಗಲೂ ಅಂಗಡಿಯಲ್ಲಿ ಬಾಟಲಿಯ ಮುಚ್ಚಳ ತೆಗೆದು ಮೂಸುತ್ತೇನೆ. ಆದರೆ ಯಾವ ಕೋಣೆಗೆ ಯಾವುದು ಒಪ್ಪುತ್ತದೆ ಎನ್ನುವುದಕ್ಕಿಂತ ಮೊದಲು, ಆ ಕೋಣೆಯಲ್ಲಿ ಇರುವವರು ಯಾರು, ಅವರನ್ನು ಕೇಳಿದೆನೇ ಎಂಬ ಯೋಚನೆ ಬರುತ್ತದೆ. ಸೊಳ್ಳೆಯ ಮಾತು ಸುಳ್ಳು ಎಂದು ಅತ್ತೆಯ ಮುಂದೆ ಒಮ್ಮೆ ಒಪ್ಪಿಕೊಳ್ಳಬೇಕೆಂದಿದ್ದೆ. ಆಗಲಿಲ್ಲ. ಅವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ 'ಹೊಡಿಯವ್ವಾ' ಎಂದಿದ್ದರು.