ಮೊದಲಿಗನಾರು?

ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಸಖರಾಯಪಟ್ಟಣದ ಸುತ್ತಿನ ಊರುಗಳಲ್ಲಿ ಕಬಡ್ಡಿಯ ಪಂದ್ಯಗಳು ನಡೆಯುವುದುಂಟು. ಶಾಲೆಯ ಬಯಲಿನಲ್ಲಿ ಮಣ್ಣನ್ನು ಹದಮಾಡಿ, ಸುಣ್ಣದ ಗೆರೆಯೆಳೆದು, ಕಂಬಗಳಿಗೆ ದೀಪ ಕಟ್ಟಿ, ‘ಹೊನಲು ಬೆಳಕಿನ ಪಂದ್ಯಾವಳಿ’ ಎಂದು ಕರಪತ್ರ ಹಂಚುತ್ತಾರೆ. ವೇದಿಕೆಯ ಮೇಜಿನ ಮೇಲೆ ಗೆದ್ದ ತಂಡಕ್ಕೆಂದು ದೊಡ್ಡದೊಂದು ಬಟ್ಟಲು. ಅದರ ಮಗ್ಗುಲಲ್ಲಿ ಚಿಕ್ಕವು ಮೂರು. ಉತ್ತಮ ದಾಳಿಗಾರನಿಗೊಂದು, ಉತ್ತಮ ಹಿಡಿತಗಾರನಿಗೊಂದು, ಎರಡರಲ್ಲಿಯೂ ನುರಿತವನಿಗೆ, ಎಂದರೆ ಆಲ್‌ರೌಂಡರ್ ಎಂದು ಎಲ್ಲರೂ ಕರೆಯುವವನಿಗೆ, ಮತ್ತೊಂದು. ದೊಡ್ಡ ಬಟ್ಟಲಿನ ವಿಚಾರದಲ್ಲಿ ಬೆಳಗಾದ ಮೇಲೆ ಯಾರೂ ಮಾತೆತ್ತುವುದಿಲ್ಲ. ಅಂಕಗಳು ಅದನ್ನು ತೀರಿಸಿರುತ್ತವೆ. ಚಿಕ್ಕ ಬಟ್ಟಲುಗಳ ವಿಚಾರವಾದರೋ ಮುಂದಿನ ಸುಗ್ಗಿಯವರೆಗೂ ತೀರುವುದಿಲ್ಲ. ಕಡೂರಿಗೆ ಹೋಗುವ ಬಸ್ಸಿನಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ, ಮದುವೆಯ ಚಪ್ಪರದ ಕೆಳಗೆ ಅದೇ ಮಾತು: ಇವನಿಗೆ ಕೊಟ್ಟದ್ದು ಸರಿಯೆ? ಅವನಿಗೆ ಕೊಡದೆ ಹೋದದ್ದು ನ್ಯಾಯವೆ?

ಹೊತ್ತು ಹೋಗದವರ ಹರಟೆಯೆಂದು ಇದನ್ನು ತಳ್ಳಿಹಾಕುವವರುಂಟು. ನನಗೆ ಹಾಗೆ ತೋರುವುದಿಲ್ಲ. ಬೇರೆ ಸಮಯದಲ್ಲಿ ನ್ಯಾಯವೆಂಬ ಶಬ್ದವನ್ನು ನಾಲಗೆಯ ಮೇಲೆ ತಾರದ ಮನುಷ್ಯ ಇಲ್ಲಿ ಅದಕ್ಕಾಗಿ ಜಗಳಕ್ಕೆ ನಿಲ್ಲುತ್ತಾನೆ; ಅದೂ ತನಗೆ ಮೂರು ಕಾಸಿನ ಲಾಭವಿಲ್ಲದ ಸಂಗತಿಯಲ್ಲಿ. ನಿಷ್ಕಾಮವಾದ ನ್ಯಾಯಜಿಜ್ಞಾಸೆ ನಮ್ಮ ಊರುಗಳಲ್ಲಿ ಇನ್ನೆಲ್ಲಿಯಾದರೂ ಇಷ್ಟು ಉತ್ಸಾಹದಿಂದ ನಡೆಯುವುದನ್ನು ನಾನು ಕಂಡಿಲ್ಲ.

ತಾರತಮ್ಯವೆಂಬ ಮಾತನ್ನು ನಮ್ಮ ಹಿರಿಯರು ಒಂದು ಬಗೆಯ ವಿವೇಕಕ್ಕೆ ಹೆಸರಾಗಿ ಬಳಸುತ್ತಿದ್ದರು. ಈಗ ಅದು ಬಹುಮಟ್ಟಿಗೆ ಪಕ್ಷಪಾತವೆಂಬ ಅರ್ಥಕ್ಕೆ ಇಳಿದಿದೆ. ಮಾತು ಹುಟ್ಟಿದ್ದು ಸಂಸ್ಕೃತದ ಎರಡು ಪ್ರತ್ಯಯಗಳಿಂದ. ಇಬ್ಬರಲ್ಲಿ ಮೇಲಾದವನನ್ನು ಹೇಳುವುದಕ್ಕೆ ‘ತರ’. ಹಲವರಲ್ಲಿ ಮೇಲಾದವನನ್ನು ಹೇಳುವುದಕ್ಕೆ ‘ತಮ’. ‘ಒಳ್ಳೆಯ ಆಟಗಾರ’ ಎಂದರೆ ಒಬ್ಬನನ್ನು ಕುರಿತು ಆಡಿದ ಮಾತಾಯಿತು. ‘ಅತ್ಯುತ್ತಮ’ ಎಂದೊಡನೆಯೇ ಅಂಕಣದಲ್ಲಿದ್ದ ಎಲ್ಲರನ್ನು ಕುರಿತೂ ಒಂದು ಮಾತು ಆಡಿದಂತಾಯಿತು. ಆದುದರಿಂದ, ಎಲ್ಲರನ್ನೂ ನೋಡದವನಿಗೆ ಆ ಶಬ್ದವನ್ನು ಬಳಸುವ ಅಧಿಕಾರವಿಲ್ಲ.

ನನ್ನ ಮಿತ್ರರೊಬ್ಬರು, ನನ್ನಂತೆಯೇ ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು, ಚಿಕ್ಕ ಬಟ್ಟಲುಗಳನ್ನೇ ಎತ್ತಿಹಾಕಬೇಕೆಂದು ವಾದಿಸುತ್ತಾರೆ. ಏಳು ಮಂದಿ ಸರಪಣಿಯಂತೆ ನಿಂತು ಒಬ್ಬನನ್ನು ತಡೆದಿರುವಾಗ, ಕಾಲು ಹಿಡಿದವನ ಹೆಸರನ್ನಷ್ಟೆ ಬರೆದುಕೊಳ್ಳುವುದು ಸುಳ್ಳು ಲೆಕ್ಕವೆಂಬುದು ಅವರ ಮತ. ಸತ್ಯಾಂಶವಿಲ್ಲದ ಮಾತಲ್ಲ. ಆದರೂ ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ನಸುಕಿನಲ್ಲೆದ್ದು ಕೆರೆಯೇರಿಯ ಮೇಲೆ ಓಡಿದವನನ್ನೂ, ಪಂದ್ಯದ ದಿನ ಮಾತ್ರ ಚಡ್ಡಿ ತೊಟ್ಟು ಬಂದವನನ್ನೂ ಸಮಾನರೆಂದು ಹೇಳಿ ಕಣ್ಣು ಮುಚ್ಚಿಕೊಳ್ಳುವುದು ಸಮತೆಯಲ್ಲ, ಆಲಸ್ಯ. ಕಾರ್ಕಳದ ಕಡೆಯ ಮಮತಾ ಪೂಜಾರಿಯವರಿಗೆ 2014ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗ, ಹಳ್ಳಿಯ ಹೆಣ್ಣುಮಗಳೊಬ್ಬಳು ಈ ಮಣ್ಣಿನ ಆಟದಿಂದ ಎಲ್ಲಿಯವರೆಗೆ ಹೋಗಬಹುದೆಂಬುದು ನಮ್ಮ ಶಾಲೆಗಳ ಹುಡುಗಿಯರಿಗೆ ತಿಳಿಯಿತು. ಇನ್ನು, ಚಿಕ್ಕ ಬಟ್ಟಲಿನ ಜೊತೆಗೆ ಒಂದು ಕಾಗದವೂ ಬರುತ್ತದೆಂಬುದನ್ನು ನನ್ನ ಮಿತ್ರರು ಮರೆಯುತ್ತಾರೆ. ಬಡವರ ಮನೆಯ ಹುಡುಗನೊಬ್ಬ ಕಾಲೇಜಿನ ಬಾಗಿಲಲ್ಲಿ ಕ್ರೀಡಾಪಟುವೆಂದು ಹೇಳಿಕೊಂಡು ನಿಂತಾಗ, ಅವನ ಕೈಯಲ್ಲಿರುವ ಆಸ್ತಿ ಆ ಕಾಗದವೊಂದೇ.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಸಮೀಪದ ಊರೊಂದರಲ್ಲಿ ಇಂತಹ ಪಂದ್ಯ ನಡೆದಾಗ, ಚಿಕ್ಕ ಬಟ್ಟಲುಗಳನ್ನು ಯಾರಿಗೆ ಕೊಡಬೇಕೆಂದು ನಿಶ್ಚಯಿಸುವ ಮೂವರಲ್ಲಿ ನಾನೂ ಒಬ್ಬನಾಗಿದ್ದೆ. ಆಟ ಮುಗಿಯುವಾಗ ನಡುರಾತ್ರಿ ಕಳೆದಿತ್ತು. ಅಂಕಗಳ ಹಾಳೆಯನ್ನು ತರಿಸಿ ನೋಡಿದೆವು. ಗೆದ್ದ ತಂಡದ ಬಲಮೂಲೆಯಲ್ಲಿ ನಿಂತಿದ್ದವನು ಕೊನೆಯ ಪಂದ್ಯದಲ್ಲಿ ಆರು ಮಂದಿಯನ್ನು ಹಿಡಿದಿದ್ದ; ಅದೇ ತಂಡದ ಎಡಮೂಲೆಯವನು ಹಿಡಿದದ್ದು ಇಬ್ಬರನ್ನು. ಆರು ಎರಡಕ್ಕಿಂತ ಹೆಚ್ಚೆಂಬುದಕ್ಕೆ ಮೂವರು ಮಧ್ಯಸ್ಥರೇಕೆ? ಬಲಮೂಲೆಯವನ ಹೆಸರನ್ನು ಕೂಗಿಸಿ, ಕಾಫಿ ಕುಡಿದು ಮನೆಗೆ ಬಂದೆವು. ಮರುದಿನ ಬಸ್ಸಿಗೆ ಕಾದು ನಿಂತಿದ್ದಾಗ ಎಡಮೂಲೆಯ ಆ ಹುಡುಗ ಹತ್ತಿರ ಬಂದು ನಮಸ್ಕಾರ ಮಾಡಿದ. ಮುಖದಲ್ಲಿ ಕೋಪವಿರಲಿಲ್ಲ.

“ಮೇಷ್ಟ್ರೇ, ನಾನು ಹಿಡಿದದ್ದು ಎರಡೇ, ನಿಜ. ಆದರೆ ನನ್ನ ಮಗ್ಗುಲಿಗೆ ಅವರು ಎಷ್ಟು ಸಲ ಬಂದರು, ಅದನ್ನು ನೋಡಿದಿರಾ?” ಎಂದ.

ನಾನು ನೋಡಿರಲಿಲ್ಲ. ಬಸ್ಸಿನಲ್ಲಿ ಕುಳಿತು ಹಿಂದಿನ ರಾತ್ರಿಯ ಆಟವನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡಾಗ ಸಂಗತಿ ಸ್ಪಷ್ಟವಾಯಿತು. ಎದುರಾಳಿಗಳ ದಾಳಿಗಾರರು ನಡುಗೆರೆ ದಾಟಿದವರೇ ಬಲಕ್ಕೆ ತಿರುಗುತ್ತಿದ್ದರು. ಎಡಮೂಲೆಗೆ ಹೋದವನ ಗತಿಯೇನೆಂಬುದು ಮೊದಲಿನ ಎರಡು ಹಿಡಿತಗಳಲ್ಲಿಯೇ ಅವರಿಗೆ ಗೊತ್ತಾಗಿತ್ತು. ಬಲಮೂಲೆಯವನಿಗೆ ಆರು ಮಂದಿ ಸಿಕ್ಕಿದ್ದು, ಎಡಮೂಲೆಯವನು ಎಲ್ಲರನ್ನೂ ಅವನ ಕಡೆಗೆ ಅಟ್ಟಿದ್ದರಿಂದ. ಯಾವನಿಗೆ ಎಲ್ಲರೂ ಹೆದರಿದರೋ ಅವನ ಲೆಕ್ಕವೇ ಹಾಳೆಯಲ್ಲಿ ಕಡಮೆಯಾಗಿತ್ತು. ಆ ಹುಡುಗ ಮರುವರ್ಷ ಆಡಲಿಲ್ಲ. ಚಿಕ್ಕಮಗಳೂರಿನ ಕಡೆ ಲಾರಿಯ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಆ ಕಾಗದ ದೊರೆತಿದ್ದರೆ ಅವನ ದಾರಿ ಬೇರೆಯಾಗುತ್ತಿತ್ತೆ? ಆಗುತ್ತಿರಲಿಲ್ಲವೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅಯ್ಯನಕೆರೆಯ ನೀರಿನಿಂದ ಬದುಕುವ ನಮಗೆ ಈ ಮಾತು ಅರ್ಥವಾಗದೆ ಇರಬಾರದಿತ್ತು. ತೂಬನ್ನು ಕಾಯುವ ನೀರುಗಂಟಿಯ ಕೆಲಸ ಎಂತಹುದು? ಕೆರೆ ಒಡೆದ ವರ್ಷವನ್ನು ಊರು ನೂರು ವರ್ಷ ನೆನೆಯುತ್ತದೆ. ಒಡೆಯದ ವರ್ಷಗಳನ್ನು ಯಾರೂ ಎಣಿಸುವುದಿಲ್ಲ. ಆಗದೆ ಹೋದುದರಲ್ಲಿ ಯಾರ ಕೈ ಇತ್ತೆಂಬುದನ್ನು ಕಾಣುವುದಕ್ಕೆ ಹಾಳೆ ಸಾಲದು, ಕಣ್ಣು ಬೇಕು. ಎಣಿಕೆಯೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಪ್ರೊ ಕಬಡ್ಡಿಯ ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ತಂಡ ಗುಜರಾತಿನ ಮೇಲೆ ಗಳಿಸಿದ 38 ಅಂಕಗಳಲ್ಲಿ 22ನ್ನು ಪವನ್ ಸೆಹ್ರಾವತ್ ಒಬ್ಬರೇ ತಂದರು. ಅಂದು ಹಾಳೆ ಹೇಳಿದ್ದೂ ಕಣ್ಣು ಕಂಡದ್ದೂ ಒಂದೇ. ಆದರೆ ಅಂತಹ ರಾತ್ರಿಗಳು ವಿರಳ.

ತರೀಕೆರೆಯ ಆಚೆಗಿನ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರ ವಿಷಯದಲ್ಲಿಯೂ ಹೀಗೆಯೇ. ಗವಾಸ್ಕರರು ಮೇಲೋ ವಿಶ್ವನಾಥರು ಮೇಲೋ ಎಂಬ ವಾದ ಒಂದು ಕಾಲಕ್ಕೆ ಕನ್ನಡನಾಡಿನ ಮನೆಗಳನ್ನು ಇಬ್ಭಾಗ ಮಾಡಿತ್ತು. (ಅವರಿಬ್ಬರು ಭಾವಮೈದುನರೆಂಬುದು ಆ ಜಗಳವನ್ನು ಎಳ್ಳಷ್ಟೂ ತಗ್ಗಿಸಲಿಲ್ಲ.) ಶತಕಗಳ ಲೆಕ್ಕ ಹಿಡಿದರೆ ವಾದಕ್ಕೆ ಎಡೆಯೇ ಇಲ್ಲ, ಗವಾಸ್ಕರರೇ ಮೇಲು. ಆದರೆ 1975ರ ಜನವರಿಯಲ್ಲಿ ಮದರಾಸಿನಲ್ಲಿ, ಆಂಡಿ ರಾಬರ್ಟ್ಸ್ ಏಳು ವಿಕೆಟ್ಟುಗಳನ್ನು ಕಿತ್ತ ದಿನ, ಭಾರತ ಹೊಡೆದ 190 ಓಟಗಳಲ್ಲಿ ಔಟಾಗದೆ 97ನ್ನು ವಿಶ್ವನಾಥರೇ ಹೊಡೆದಿದ್ದರು. ಶತಕಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ; ನೋಡಿದವರು ಹಲವು ಶತಕಗಳನ್ನು ಮರೆತು ಅದನ್ನು ನೆನೆಯುತ್ತಾರೆ. ಇದಕ್ಕಿಂತ ತೊಡಕಿನದು 1980ರ ಫೆಬ್ರವರಿಯ ಸಂಗತಿ. ಮುಂಬಯಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ನಾಯಕರಾಗಿದ್ದ ವಿಶ್ವನಾಥರು, ಅಂಪೈರು ಔಟೆಂದು ತೀರ್ಪಿತ್ತಿದ್ದ ಇಂಗ್ಲೆಂಡಿನ ಬಾಬ್ ಟೇಲರನ್ನು, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ನಂಬಿ ಹಿಂದಕ್ಕೆ ಕರೆದರು. ಟೇಲರೂ ಬಾಥಮರೂ ಸೇರಿ 171 ಓಟಗಳನ್ನು ಕೂಡಿಸಿದರು. ಬಾಥಮರು ಶತಕ ಹೊಡೆದು 13 ವಿಕೆಟ್ಟುಗಳನ್ನೂ ಕಿತ್ತರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ತನ್ನ ಹತ್ತು ಮಂದಿಗೆ ಹೊಣೆಯಾದ ನಾಯಕನು ತನ್ನೊಬ್ಬನ ಅಂತಃಕರಣಕ್ಕಾಗಿ ಎಲ್ಲರ ಗೆಲುವನ್ನು ಪಣವಿಡಬಹುದೆ ಎಂದು ನನ್ನ ಮಿತ್ರರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಟೆಸ್ಟಿನ ಮಾತು ಬಂದಾಗ ಬಾಥಮರ ಹೆಸರಿನೊಡನೆ ವಿಶ್ವನಾಥರ ಹೆಸರೂ ಬಾರದೆ ಇರುವುದಿಲ್ಲ. ಸೌಜನ್ಯಕ್ಕೂ ಒಂದು ಬಟ್ಟಲಿಡೋಣವೆಂದು ಕೆಲವರು ಸೂಚಿಸಿಯಾರು. ಇಟ್ಟರೆ ಅದೂ ಅಂಕವಾಗಿ ಬಿಡುತ್ತದೆಂದು ನನ್ನ ಭಯ.

ಪ್ರಶಸ್ತಿಗಳ ಹೆಸರುಗಳನ್ನೇ ನೋಡಿರಿ. ಭಾರತ ಸರ್ಕಾರವು 1961ರಿಂದ ಆಟಗಾರರಿಗೆ ಅರ್ಜುನನ ಹೆಸರಿನಲ್ಲಿಯೂ, 1985ರಿಂದ ಗುರುಗಳಿಗೆ ದ್ರೋಣಾಚಾರ್ಯನ ಹೆಸರಿನಲ್ಲಿಯೂ ಪ್ರಶಸ್ತಿ ಕೊಡುತ್ತ ಬಂದಿದೆ. ನಮ್ಮ ರಾಜ್ಯ ಸರ್ಕಾರ ತನ್ನ ಪ್ರಶಸ್ತಿಗೆ ಇಟ್ಟ ಹೆಸರು ಏಕಲವ್ಯನದು. ಈ ಮೂರು ಹೆಸರುಗಳನ್ನು ಒಂದೆಡೆ ಇಟ್ಟವರು ಕಥೆಯನ್ನು ನೆನೆದೇ ಇಟ್ಟರೋ ಏನೋ, ಆದರೆ ನಮ್ಮ ಪ್ರಶ್ನೆಯೆಲ್ಲವೂ ಅದರಲ್ಲಿದೆ. ಬಿಲ್ಲುಗಾರರಲ್ಲಿ ನಿನಗೆ ಸಮಾನರಿರದಂತೆ ಮಾಡುತ್ತೇನೆಂದು ದ್ರೋಣನು ಅರ್ಜುನನಿಗೆ ಮಾತು ಕೊಟ್ಟಿದ್ದ. ಕಾಡಿನಲ್ಲಿ ಸಮಾನನೊಬ್ಬನು, ಒಂದು ವೇಳೆ ಅಧಿಕನೊಬ್ಬನು, ಕಣ್ಣಿಗೆ ಬಿದ್ದ. ಮಾತನ್ನು ಉಳಿಸಿಕೊಳ್ಳುವುದಕ್ಕೆ ಗುರುವು ಆ ಹುಡುಗನ ಹೆಬ್ಬೆರಳನ್ನು ಕೇಳಿದ.

ಏಕಲವ್ಯನಿಗಾದ ಅನ್ಯಾಯವನ್ನು ಹೇಳುವವರು ಬಹುಮಂದಿ, ಅದು ಹೇಳಬೇಕಾದದ್ದೇ. ಅರ್ಜುನನಿಗಾದ ನಷ್ಟವನ್ನು ಹೇಳುವವರು ಕಡಮೆ. ಆ ಬೆರಳು ಬಿದ್ದ ಗಳಿಗೆಯಿಂದ ಅರ್ಜುನನು ಧನುರ್ಧರರಲ್ಲಿ ಮೊದಲಿಗನೆಂಬುದನ್ನು ತಿಳಿಯುವ ಉಪಾಯವೇ ಲೋಕಕ್ಕೆ ಇಲ್ಲದೆ ಹೋಯಿತು. ಲೋಕಕ್ಕೇಕೆ, ಅರ್ಜುನನಿಗೂ ಇಲ್ಲದೆ ಹೋಯಿತು. ಅವನ ವಿದ್ಯೆ ಸುಳ್ಳಲ್ಲ, ಅವನ ಅಭ್ಯಾಸ ಸುಳ್ಳಲ್ಲ. ಅದರ ತುದಿಗೆ ಹಚ್ಚಿದ ‘ತಮ’ವೆಂಬ ಪ್ರತ್ಯಯವೊಂದು ಮಾತ್ರ ಎಂದೆಂದಿಗೂ ಸಂದೇಹಕ್ಕೆ ಸಿಕ್ಕಿತು. ಹಸ್ತಿನಾವತಿಯ ರಂಗಭೂಮಿಯಲ್ಲಿಯೂ ಹಾಗೆಯೇ ಆಯಿತು. ಕರ್ಣನು ಎದುರಿಗೆ ಬಂದು ನಿಂತಾಗ ಕೃಪನು ಅವನ ಕುಲವನ್ನು ಕೇಳಿದ. ಅಷ್ಟರಲ್ಲಿ ಹೊತ್ತು ಮುಳುಗಿತು. ಯಾರು ಮೇಲೆಂಬುದು ಅಂದು ತಿಳಿಯಲೇ ಇಲ್ಲ. ಮೊದಲಿಗನನ್ನು ಮೊದಲೇ ನಿಶ್ಚಯಿಸಿ ಆಮೇಲೆ ಅಂಕಣವನ್ನು ನೋಡುವ ಮಧ್ಯಸ್ಥನು ದ್ರೋಣನ ಕೆಲಸವನ್ನೇ ಚಿಕ್ಕ ಪ್ರಮಾಣದಲ್ಲಿ ಮಾಡುತ್ತಾನೆ. ಹಾಳೆಯನ್ನು ನೋಡಿ ಆಟವನ್ನು ನೋಡದ ನಾನೂ ಮಾಡಿದ್ದು ಅದನ್ನೇ. ಬಲಮೂಲೆಯ ಹುಡುಗನ ಮನೆಯ ಗೂಡಿನಲ್ಲಿ ಆ ಬಟ್ಟಲು ಇಂದಿಗೂ ಇದೆಯಂತೆ. ಅವನು ಒಳ್ಳೆಯ ಆಟಗಾರನೇ. ಎದುರಾಳಿಗಳು ಏಕೆ ತನ್ನ ಕಡೆಗೇ ಬರುತ್ತಿದ್ದರೆಂಬುದು ಅವನಿಗೆ ತಿಳಿಯದೆ ಇರಲಿಕ್ಕಿಲ್ಲ. ಅವನಿಗೂ ನಾನು ಅಪಕಾರ ಮಾಡಿದೆನೆಂದು ಈಗ ಅನ್ನಿಸುತ್ತದೆ.

ಬಸ್ಸಿನಲ್ಲಿಯೂ ಬೆಂಚಿನ ಮೇಲೆಯೂ ನಡೆಯುವ ವಾದದಲ್ಲಿ ಈ ದೋಷವಿಲ್ಲ. ಅಲ್ಲಿ ಇಂದು ಸೋತವನು ನಾಳೆ ಹೊಸ ಸಾಕ್ಷಿಯೊಡನೆ ಬರುತ್ತಾನೆ. ಹತ್ತು ವರ್ಷ ಹಿಂದೆ ಆಡಿದವನಿಗೂ ಮತ್ತೆ ವಿಚಾರಣೆ ದೊರೆಯುತ್ತದೆ. ಪ್ರಶಸ್ತಿಗೆ ಆ ಸೌಕರ್ಯವಿಲ್ಲ. ಒಂದು ರಾತ್ರಿ, ದೀಪವಾರುವ ಮುನ್ನ, ಅದು ಬಾಗಿಲು ಮುಚ್ಚಬೇಕು. ಎಡಮೂಲೆಯ ಹುಡುಗ ಬಸ್ ನಿಲ್ದಾಣದಲ್ಲಿ ನನ್ನನ್ನು ಕೇಳಿದ್ದು ಬಟ್ಟಲನ್ನಲ್ಲ. ಮುಚ್ಚಿದ ಬಾಗಿಲನ್ನು ಒಂದು ಗಳಿಗೆ ತೆರೆದು ನೋಡಿರೆಂದು.

ಕಳೆದ ವಾರ ತರುಣರಿಬ್ಬರು ಮನೆಗೆ ಬಂದು, ಈ ಸಲವೂ ತಾವೇ ಬರಬೇಕೆಂದು ಕೇಳಿದರು. ಎರಡು ಮಾತು ಹೇಳಿದೆ. ನಾವು ಮೂವರೂ ನಮ್ಮ ನಮ್ಮ ಅಭಿಪ್ರಾಯವನ್ನು ಬರೆದು ಮಡಿಸಿಡುವವರೆಗೆ ಅಂಕಗಳ ಹಾಳೆಯನ್ನು ನಮ್ಮ ಕೈಗೆ ಕೊಡಕೂಡದು. ಮತ್ತು ನಮ್ಮ ಕುರ್ಚಿಗಳನ್ನು ವೇದಿಕೆಯ ಮೇಲಲ್ಲ, ಅಂಕಣದ ಮೂಲೆಗಳ ಹತ್ತಿರ ಹಾಕಬೇಕು. ಮೊದಲನೆಯದಕ್ಕೆ ಒಡನೆಯೇ ಒಪ್ಪಿದರು. ಎರಡನೆಯದಕ್ಕೆ ಮುಖ ಮುಖ ನೋಡಿಕೊಂಡು, “ಅಲ್ಲಿ ಧೂಳು ಬಹಳ, ಮೇಷ್ಟ್ರೇ” ಎಂದರು. ಮೂವರಲ್ಲಿ ಒಬ್ಬರಾಗಿ ನನ್ನ ಮಿತ್ರರನ್ನೂ ಕರೆಯಿರೆಂದು ಸೂಚಿಸಿದ್ದೇನೆ. ಬಟ್ಟಲು ಕೊಡಲೇಬಾರದೆಂಬ ಮತವನ್ನು ಅವರು ಬಿಟ್ಟಿಲ್ಲ. ಆದರೆ ಎಡಮೂಲೆಯ ಮಗ್ಗುಲ ಕುರ್ಚಿಯನ್ನು ತಮಗೆ ಬಿಡುವುದಾದರೆ ಬರುತ್ತೇನೆಂದಿದ್ದಾರೆ.