ಎರಡನೆಯ ಹಗ್ಗ

ಸುಂದರಕಾಂಡದಲ್ಲಿ ಇಂದ್ರಜಿತು ಬಿಟ್ಟ ಬ್ರಹ್ಮಾಸ್ತ್ರಕ್ಕೆ ಹನುಮಂತ ಸಿಕ್ಕಿಬೀಳುತ್ತಾನೆ. ರಾಕ್ಷಸರಿಗೆ ಅಷ್ಟು ಸಾಲದು, ಸೆಣಬಿನ ಹಗ್ಗ ತಂದು ಮೇಲೆ ಬಿಗಿಯುತ್ತಾರೆ. ಇನ್ನೊಂದು ಕಟ್ಟನ್ನು ಸಹಿಸದ ಅಸ್ತ್ರ ತಾನಾಗಿ ಕಳಚಿಕೊಳ್ಳುತ್ತದೆ. ಶರಣಾಗತಿಗೆ ಶ್ರೀವೈಷ್ಣವ ಆಚಾರ್ಯರು ಕೊಡುವ ದೃಷ್ಟಾಂತ ಇದು. ದೇವರನ್ನು ನಂಬಿದ ಮೇಲೆ ಬೇರೆ ಉಪಾಯ ಹಿಡಿದೆಯೋ, ಮೊದಲನೆಯದೂ ಹೋಯಿತು. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ತಾತ ಈ ಕಥೆ ಹೇಳಿದಾಗಲೆಲ್ಲ ನನಗೆ ಭಯವಾಗುತ್ತಿತ್ತು.

ಆ ಭಯ ಆಗ್ರಾದವರೆಗೂ ನನ್ನ ಜೊತೆ ಬಂತು. ಎನ್‌ಸಿಸಿ ಕೆಡೆಟ್ ಆಗಿ ವಾಯುಪಡೆಯ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆಗೆ ಹೋಗಿದ್ದೆ. ದಿನಗಟ್ಟಲೆ ನೆಲದ ಮೇಲೆಯೇ ಕಲಿಕೆ: ಪಾದ, ಮೊಣಕಾಲು ಜೋಡಿಸಿ ಬೀಳುವುದು, ಬಿದ್ದ ಪೆಟ್ಟನ್ನು ತೊಡೆಗೆ, ಬೆನ್ನಿಗೆ ಹಂಚುತ್ತಾ ಉರುಳುವುದು. ಆಮೇಲೆ ಎಎನ್-32 ವಿಮಾನ, ಕೆಳಗೆ ಮಾಲ್‌ಪುರಾ ಬಯಲು. ಬೆನ್ನಿಗೆ ದೊಡ್ಡ ಪ್ಯಾರಾಚೂಟ್. ಅದರ ಸ್ಟ್ಯಾಟಿಕ್ ಲೈನ್ ಎಂಬ ಪಟ್ಟಿಯನ್ನು ವಿಮಾನದೊಳಗಿನ ಕೇಬಲ್ಲಿಗೆ ಸಿಕ್ಕಿಸುತ್ತಾರೆ. ಹಾರಿದವರು ಏನನ್ನೂ ಎಳೆಯಬೇಕಾಗಿಲ್ಲ, ಪಟ್ಟಿಯೇ ಎಳೆದು ಬಿಚ್ಚುತ್ತದೆ. ಶರಣಾಗತಿಯೆಂದರೆ ಇದೇ ಅಲ್ಲವೇ ಎಂದುಕೊಂಡೆ. ಆದರೆ ಎದೆಯ ಮುಂದೆ ರಿಸರ್ವ್ ಇತ್ತು. ದೊಡ್ಡದು ಬಿಚ್ಚದಿದ್ದರೆ ಹಿಡಿ ಎಳೆದು ಬಿಡಿಸಿಕೊಳ್ಳಬೇಕಾದ ಚಿಕ್ಕ ಪ್ಯಾರಾಚೂಟ್. ರಾಕ್ಷಸರ ಹಗ್ಗವನ್ನು ನಾನೇ ಕಟ್ಟಿಕೊಂಡು ಹೊರಟಿದ್ದೇನೆಯೇ?

ಕೆಂಪು ದೀಪ ಹಸಿರಾಯಿತು. ಬಾಗಿಲಾಚೆ ಗಾಳಿ ಹೊಡೆದ ರಭಸಕ್ಕೆ ಯೋಚನೆಯೆಲ್ಲ ನಿಂತಿತು. ಭುಜಕ್ಕೆ ಒಂದು ಜಗ್ಗು, ತಲೆಯೆತ್ತಿ ನೋಡಿದರೆ ಗುಂಡಗೆ ತುಂಬಿ ನಿಂತ ಬಟ್ಟೆ. ರಿಸರ್ವ್ ಮುಟ್ಟುವ ಪ್ರಸಂಗವೇ ಬರಲಿಲ್ಲ.

ಉತ್ತರ ಹೊಳೆದದ್ದು ಊರಿಗೆ ಬಂದ ಮೇಲೆ, ಅಪ್ಪನ ರೀಲಿಂಗ್ ಘಟಕದಲ್ಲಿ. ರೇಷ್ಮೆಗೂಡಿನ ಒಂದು ಎಳೆ ನೂಲಾಗುವಷ್ಟು ದಪ್ಪವಿರುವುದಿಲ್ಲ. ಹಲವು ಗೂಡುಗಳ ಎಳೆ ಸೇರಿಸಿಯೇ ಬಿಚ್ಚಬೇಕು. ಒಂದು ಮುಗಿದರೆ ತಕ್ಷಣ ಇನ್ನೊಂದನ್ನು ಹಚ್ಚುತ್ತಾರೆ. ಅದು ಮೊದಲನೆಯ ಎಳೆಯ ಮೇಲಿನ ಅಪನಂಬಿಕೆಯಲ್ಲ. ರಾಕ್ಷಸರು ಹಗ್ಗ ಬಿಗಿದದ್ದು ಅಸ್ತ್ರದ ಗುಣ ಅರಿಯದೆ. ನನಗೆ ರಿಸರ್ವ್ ಕಟ್ಟಿದವರು ದೊಡ್ಡ ಪ್ಯಾರಾಚೂಟಿನ ಗುಣವನ್ನು ಪೂರ್ತಿ ಬಲ್ಲವರು. ಎರಡನ್ನೂ ಕೊಟ್ಟದ್ದು ಒಂದೇ ಕೈ. ಹಾಗಿರುವಾಗ ಎರಡನೆಯದನ್ನು ಬೇಡವೆಂದರೆ ಆ ಕೈಯನ್ನೇ ನಂಬದಿದ್ದಂತೆ.

ಬೆಕ್ಕು ಮರಿಯನ್ನು ಕಚ್ಚಿ ಒಯ್ಯುವಂತೆ ದೇವರೇ ನಮ್ಮನ್ನು ಒಯ್ಯುತ್ತಾನೆ ಎನ್ನುವ, ಶ್ರೀವೈಷ್ಣವರ ತೆಂಗಲೈ ಪಂಥಕ್ಕೆ ಪಿಳ್ಳೈ ಲೋಕಾಚಾರ್ಯರು ದೊಡ್ಡ ಆಚಾರ್ಯರು. 14ನೇ ಶತಮಾನದಲ್ಲಿ ದೆಹಲಿಯ ಸೈನ್ಯ ಶ್ರೀರಂಗಕ್ಕೆ ಬಂದಾಗ, ಇಳಿವಯಸ್ಸಿನ ಅವರು ರಂಗನಾಥನ ಉತ್ಸವಮೂರ್ತಿಯೊಂದಿಗೆ ದಕ್ಷಿಣಕ್ಕೆ ಹೊರಟು ದಾರಿಯಲ್ಲೇ ತೀರಿಕೊಂಡರೆಂದು ಪರಂಪರೆ ಹೇಳುತ್ತದೆ. ದೇವರು ತನ್ನನ್ನು ತಾನು ನೋಡಿಕೊಳ್ಳುತ್ತಾನೆಂದು ಅವರು ಕೈಕಟ್ಟಿ ಕೂರಲಿಲ್ಲ. ಅವರ ಶರಣಾಗತಿಯಲ್ಲಿ ಊನ ಕಾಣುವವರು ಯಾರಿದ್ದಾರೆ?

ಇಷ್ಟೆಲ್ಲ ಬರೆಯಲು ಕಾರಣವಿದೆ. ಹರಕೆ ಹೊತ್ತ ಮೇಲೆ ಮಾತ್ರೆ ನುಂಗಿದರೆ ದೇವರಿಗೆ ಅಪಚಾರವೆಂದು ಬಿಪಿ, ಸಕ್ಕರೆ ಕಾಯಿಲೆಯ ಔಷಧಿ ಬಿಟ್ಟ ಹಿರಿಯರನ್ನು ನಮ್ಮ ಕಡೆ ಕಂಡಿದ್ದೇನೆ. ಅವರಲ್ಲಿ ಕೈಮುಗಿದು ಕೇಳುತ್ತೇನೆ: ಹರಕೆ ಇರಲಿ, ಆಲಂಬಗಿರಿಯ ದೇವಸ್ಥಾನಕ್ಕೆ ಹೋಗಿ ಬನ್ನಿ, ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.