ಕೊಡದ ಪಾಸ್‌ವರ್ಡ್
2015ರಲ್ಲಿ ವಿಂಡೋಸ್ 10ರ ಜೊತೆ ಬಂದ ‘ವೈಫೈ ಸೆನ್ಸ್’, ಬಳಕೆದಾರ ಆರಿಸಿದ ವೈಫೈ ಸಂಪರ್ಕವನ್ನು ಅವನ ಔಟ್‌ಲುಕ್, ಸ್ಕೈಪ್, ಫೇಸ್‌ಬುಕ್ ಪರಿಚಿತರಿಗೂ ತಾನಾಗಿ ಒದಗಿಸುತ್ತಿತ್ತು. ಆ ವೈಫೈ ಅವನು ಅತಿಥಿಯಾಗಿ ಹೋದ ಮನೆಯದೂ ಆಗಿರಬಹುದಿತ್ತು. ಬೇಡವೆನ್ನುವ ಮನೆಯವರು ತಮ್ಮ ವೈಫೈ ಹೆಸರಿಗೇ ‘ಆಪ್ಟ್‌ಔಟ್’ ಎಂಬ ಬಾಲ ಕಟ್ಟಬೇಕಿತ್ತು. ಸುಮ್ಮನಿದ್ದರೆ ಸಮ್ಮತಿಯೇ?

ಜೈನರ ತತ್ತ್ವಾರ್ಥಸೂತ್ರದ ಪ್ರಕಾರ ಕೊಡದುದನ್ನು ತೆಗೆದುಕೊಳ್ಳುವುದೇ ಕಳವು. ಇದಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿ ವ್ಯಾಖ್ಯಾನ ಸೂಕ್ಷ್ಮವಾಗಿದೆ: ಎಲ್ಲರಿಗೂ ತೆರೆದ ಊರಬೀದಿಯಲ್ಲಿ ನಡೆಯುವ ಭಿಕ್ಷು ಕಳ್ಳನಲ್ಲ, ಮುಚ್ಚಿದ ಬಾಗಿಲನ್ನು ಅವನು ದಾಟುವುದಿಲ್ಲ. ರೈಲು ನಿಲ್ದಾಣದ ವೈಫೈ ಬೀದಿಯಾದರೆ ಪಾಸ್‌ವರ್ಡ್ ಇಟ್ಟ ಮನೆಯದು ಬಾಗಿಲೇ ಸರಿ. ತೊಡಕು ಸಂಪರ್ಕ ಪಡೆಯುವ ಪರಿಚಿತನದು. ಫೋನು ತಾನಾಗಿ ಸೇರಿಕೊಂಡರೆ ಅವನಲ್ಲಿ ಪ್ರಮಾದ, ಅಂದರೆ ಎಚ್ಚರಗೇಡಿತನ, ಇಲ್ಲ. ಅದೇ ವ್ಯಾಖ್ಯಾನದ ಪ್ರಕಾರ ಪ್ರಮಾದವಿಲ್ಲದೆ ಕಳವೂ ಇಲ್ಲ. ತಿಳಿದ ಮೇಲೂ ಬಳಸಿದರೆ ಆ ರಕ್ಷೆ ಉಳಿಯದು.

2016ರಲ್ಲಿ ಮೈಕ್ರೋಸಾಫ್ಟ್ ಈ ಹಂಚಿಕೆಯನ್ನು ಕೈಬಿಟ್ಟಿತು. ಕೊಟ್ಟ ಕಾರಣ ಲೌಕಿಕವಾದದ್ದೇ: ಖರ್ಚು ಹೆಚ್ಚು, ಬಳಸುವವರು ಕಡಿಮೆ.